ಜಿಬಿ ಮಾವ

ನಮ್ಮೂರ ವರದರಾಜಸ್ವಾಮಿ ಗುಡಿಯ ಹತ್ತಿರ ಹಳೇ ಶಾಸನ ಕಂಡರೆ ಜನ ಕೈ ಮುಗಿಯುತ್ತಾರೆ, ಇಲ್ಲವೇ ಒರಗಿ ನಿಲ್ಲುತ್ತಾರೆ. ನಮ್ಮ ಸೋದರಮಾವ ಮಾತ್ರ ಬೆರಳಲ್ಲಿ ಸಾಲು ಎಣಿಸಿ, “ಅಷ್ಟೂ ಸೇರಿದ್ರೆ ಎರಡು ಕೆಬಿನೂ ಆಗಲ್ಲ ಕಣೋ. ಅದಕ್ಕೆ ಇಷ್ಟು ದೊಡ್ಡ ಬಂಡೆ!” ಅಂದರು. ಟೇಕಲ್‌ನಲ್ಲಿ ಕಲ್ಲಿಗೇನು ಬರ, ಬರೆಸಿದವನು ಧಾರಾಳವಾಗಿ ಬರೆಸಿದ್ದಾನೆ ಅಂತ ನಾನು ಸಮಾಧಾನ ಹೇಳಿದೆ.

ಮಾವ ರಿಟೈರಾದ ಲೆಕ್ಕದ ಮೇಷ್ಟ್ರು. ಊರಲ್ಲಿ ಯಾರು ಕ್ಯಾಮೆರಾ ಕೊಂಡರೂ ಮೆಮೊರಿ ಕಾರ್ಡು ಎಷ್ಟು ಜಿಬಿಯದು ಹಾಕಬೇಕು ಅಂತ ಇವರು ಹೇಳಬೇಕು. ಕೇಳದಿದ್ದರೂ ಹೇಳುತ್ತಾರೆ. ಇಂಥವರು ನಿಮ್ಮೂರಲ್ಲೂ ಒಬ್ಬರಿರುತ್ತಾರೆ. ನಿಮ್ಮಲ್ಲಿ ಅವರು ಇನ್ವರ್ಟರ್ ಬ್ಯಾಟರಿಯ ಬಗ್ಗೆ ಹೇಳುತ್ತಿರಬಹುದು.

ಈ ಚಟಕ್ಕೆ ಮೂಲ 1986ರಲ್ಲಿದೆ. ಮಾವನ ಮದುವೆಗೆ ಬಂದ ಫೋಟೋಗ್ರಾಫರ್ ಕೈಯಲ್ಲಿದ್ದದ್ದು ಒಂದೇ ರೋಲು, 36 ಫೋಟೋ. ಬೀಗರೆಲ್ಲ ಎಳೆದಾಡಿ ತೆಗೆಸಿಕೊಂಡು, ಮೂವತ್ತಾರನೆಯದು ಯಾರೋ ದೊಡ್ಡ ಮನುಷ್ಯರು ಉಪ್ಪಿಟ್ಟು ತಿನ್ನುವುದಕ್ಕೆ ಖರ್ಚಾಯಿತು. ಹೊಸ ರೋಲು ತರಿಸುವಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. “ನಮಗೆ ಮದುವೆ ಆಗಿರೋದಕ್ಕೆ ಸಾಕ್ಷಿನೇ ಇಲ್ಲ” ಅಂತ ಅತ್ತೆ ಇವತ್ತಿಗೂ ಸಾರಿಗೆ ಒಗ್ಗರಣೆ ಹಾಕುವಾಗ ಹೇಳುತ್ತಾರೆ. ಅಂದಿನಿಂದ ಮಾವನಿಗೆ ಜಾಗ ಸಾಲದು ಅನ್ನುವ ಭಯ.

ಮೊದಲ ಡಿಜಿಟಲ್ ಕ್ಯಾಮೆರಾ ಮನೆಗೆ ಬಂದಾಗ, ಇರಲಿ ಅಂತ 64 ಜಿಬಿ ಕಾರ್ಡು ತಂದರು. ಕ್ಯಾಮೆರಾ ಅದನ್ನು ಒಪ್ಪಲೇ ಇಲ್ಲ. ಅದು ಎಸ್‌ಡಿಎಚ್‌ಸಿ ಕಾಲದ್ದು, 32ರವರೆಗೆ ಮಾತ್ರ. 32 ದಾಟಿದರೆ ಎಸ್‌ಡಿಎಕ್ಸ್‌ಸಿ ಅಂತ ಬೇರೆ ಜಾತಿ. “ಅಜೀರ್ಣ” ಅಂತ ಮಾವ ಕ್ಯಾಮೆರಾದ ಬೆನ್ನು ಸವರಿ, 32 ತಂದರು. ಕಂಪ್ಯೂಟರಿಗೆ ಹಾಕಿ ನೋಡಿದರೆ 29.8 ಅಂತ ತೋರಿಸಿತು. ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿ ಟೊಮೇಟೊ ಬಾಕ್ಸು ತೂಕದಲ್ಲಿ ಕಡಿಮೆ ಬಂದರೂ ಮಾವ ಅಷ್ಟು ಕೂಗಾಡಿದವರಲ್ಲ. ಕಾರ್ಡು ಮಾಡುವವನು ಸಾವಿರದ ಲೆಕ್ಕದಲ್ಲಿ ಮಾರುತ್ತಾನೆ, ಕಂಪ್ಯೂಟರು 1024ರ ಲೆಕ್ಕದಲ್ಲಿ ಅಳೆಯುತ್ತದೆ ಅಂತ ಗೊತ್ತಾದ ಮೇಲೆ ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನದಿಂದ ಅದನ್ನೇ ಹಾಲಿನ ಡೇರಿಯಲ್ಲಿ ಕ್ಯೂ ನಿಂತವರಿಗೆಲ್ಲ ಪಾಠ ಮಾಡಿದರು.

ಆಮೇಲೆ ನನ್ನ ತಂಗಿಯ ಮದುವೆ ಬಂತು. ಛತ್ರ ಮಾಲೂರಿನಲ್ಲಿ, ಕ್ಯಾಮೆರಾ ಹೊಸದು, 24 ಮೆಗಾಪಿಕ್ಸೆಲ್. ಮಾವ ಲಗ್ನಪತ್ರಿಕೆಯ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದರು. ಫೋಟೋ ಒಂದಕ್ಕೆ ಹತ್ತು ಎಂಬಿ. ವರಪೂಜೆ, ಧಾರೆ, ಊಟದ ಪಂಕ್ತಿ ಎಲ್ಲ ಸೇರಿ ಸಾವಿರ. ದೊಡ್ಡ ಬಾಬ್ತು ಅಂದರೆ ಮುಯ್ಯಿ. ಆರುನೂರು ಮಂದಿ, ತಲಾ ಎರಡು, ಯಾಕೆಂದರೆ ಒಂದರಲ್ಲಿ ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ.

“ತಾಳಿ ಫೋಟೋ ಹೋದ್ರೆ ಹೆಂಡ್ತಿ ಒಬ್ಬಳೇ ಬೈತಾಳೆ. ಮುಯ್ಯಿ ಫೋಟೋ ಹೋದ್ರೆ ಆರು ಊರು ಮಾತು ಬಿಡ್ತವೆ.”

ಒಟ್ಟು 2,200 ಫೋಟೋ, 22 ಜಿಬಿ. ಅಂದರೆ 32 ಸಾಕು. ಇಷ್ಟು ಚೊಕ್ಕವಾಗಿ ಲೆಕ್ಕ ಮುಗಿಸಿ, ಕೆಳಗೆ ಎರಡು ಗೆರೆ ಎಳೆದು, 128ರ ಎರಡು ಕಾರ್ಡು ಕೊಂಡರು. ಒಂದೇ ಸಾಲದೇ ಅಂತ ಕೇಳಿದೆ. “ಒಂದೇ ಬೋರ್‌ವೆಲ್ ನಂಬ್ಕೊಂಡು ಯಾವನಾದ್ರೂ ಟೊಮೇಟೊ ಹಾಕ್ತಾನೇನೋ?” ಕೋಲಾರ ಜಿಲ್ಲೆಯಲ್ಲಿ ಹುಟ್ಟಿದವನು ಇದಕ್ಕೆ ಎದುರು ಮಾತಾಡಲಾರ. ಮಾತು ನಿಜವೂ ಹೌದು: ಎಂಥ ಕಾರ್ಡೂ ಒಂದು ದಿನ ಕೈ ಕೊಡುತ್ತದೆ.

ವೇಗದ ವಿಚಾರವನ್ನೂ ಅವರು ಬಿಟ್ಟಿರಲಿಲ್ಲ. ಹಿಂದೊಂದು ನಾಮಕರಣದಲ್ಲಿ ಅಗ್ಗದ ಕಾರ್ಡು ಹಾಕಿ, ಕೆಂಪು ದೀಪ ಮಿಟುಕುತ್ತ ಕ್ಯಾಮೆರಾ ಸ್ತಬ್ಧವಾಗಿ, ಮಗು ನಗು ಮುಗಿಸಿ ನಿದ್ದೆ ಹೋಗಿತ್ತು. ಹಾಗಾಗಿ ಕಾರ್ಡಿನ ಮೇಲೆ ‘ಯು’ ಅಕ್ಷರದೊಳಗೆ 3 ಇರಲೇಬೇಕು, ಸೆಕೆಂಡಿಗೆ ಕಡಿಮೆ ಅಂದರೂ 30 ಎಂಬಿ ಬರೆಯಬೇಕು. “ಶತಾಬ್ದಿ ನಮ್ಮೂರ ಸ್ಟೇಷನ್ ದಾಟೋ ಹಾಗೆ ಹೋಗ್ಬೇಕು ಕಣೋ.” ಶತಾಬ್ದಿ ಟೇಕಲ್‌ನಲ್ಲಿ ನಿಲ್ಲುವುದಿಲ್ಲ ಅನ್ನುವ ದುಃಖವನ್ನು ಅವರು ಹೆಮ್ಮೆಯಾಗಿ ಬಳಸಿದ್ದು ಅದೊಂದೇ ಸಲ.

ಮುಹೂರ್ತ ಬಂತು. ಗಟ್ಟಿಮೇಳ. ಮಾವ ಕುರ್ಚಿಯ ಮೇಲೆ ನಿಂತು ಗುಂಡಿ ಒತ್ತಿದವರು ಬಿಡಲೇ ಇಲ್ಲ. ಕ್ಯಾಮೆರಾ ಸಾಸಿವೆ ಸಿಡಿದ ಹಾಗೆ ಸಿಡಿಯಿತು. ಕಾರ್ಡು ಒಂದು ಕ್ಷಣವೂ ತಡವರಿಸಲಿಲ್ಲ. ಮೂವತ್ತು ವರ್ಷದ ಮೇಲೆ ಹೊತ್ತಿದ್ದ ಸಾಲ ತೀರಿತು ಅನ್ನುವಂತೆ ಕೆಳಗಿಳಿದು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ರಾತ್ರಿ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತೆವು. ಮುಯ್ಯಿ ಕೊಟ್ಟವರು ಆರುನೂರು ಮಂದಿಯೂ ಇದ್ದರು, ಕಣ್ಣು ತೆರೆದೇ. ತಾಳಿ ಕಟ್ಟುವ ಹೊತ್ತಿನವು 43 ಫೋಟೋ. ನಲವತ್ಮೂರರಲ್ಲೂ ವಿಡಿಯೋದವನ ಬೆನ್ನು. ನೀಲಿ ಚೌಕಳಿ ಶರ್ಟು, ಬೆವರಿನ ನಕ್ಷೆ ಸಮೇತ, ಒಂದೊಂದು ದಾರವೂ ಎಣಿಸುವಷ್ಟು ಸ್ಪಷ್ಟ. ಒಂದರಲ್ಲಿ ಮಾತ್ರ ಅವನ ಕಂಕುಳ ಸಂದಿಯಲ್ಲಿ ಮದುಮಗನ ಬಾಸಿಂಗದ ತುದಿ ಕಾಣುತ್ತಿತ್ತು.

ಅತ್ತೆ ತುಂಬ ಹೊತ್ತು ನೋಡಿದರು. “ಈ ಹುಡುಗನಿಗೆ ಮದುವೆ ಆಗೈತಾ?” ಅಂತ ಕೇಳಿದರು.

ನಾನು ರಿಮೋಟು ತೆಗೆದುಕೊಂಡು, “ಇವನ್ನ ಅಳಿಸಿಬಿಡ್ಲಾ ಮಾವ?” ಅಂದೆ.

“ಅಳಿಸೋದ್ಯಾಕೋ?” ಅಂದರು ಮಾವ. “ಜಾಗ ಐತಲ್ಲ.”