ಬಂದರು ತಪ್ಪಿಸುವ ಶಾಸ್ತ್ರ: ಕ್ರೂಸ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸಮಸ್ತ ಕ್ರೂಸ್ ಕಂಪನಿಗಳ ಮಾನ್ಯ ಆಡಳಿತ ಮಂಡಳಿಗಳು.
(ಕಂಪನಿಯ ನೋಂದಣಿ ಒಂದು ದೇಶದಲ್ಲಿ, ಕಚೇರಿ ಇನ್ನೊಂದರಲ್ಲಿ, ಹಡಗಿನ ಧ್ವಜ ಮತ್ತೊಂದರದ್ದು ಆಗಿರುವುದರಿಂದ ವಿಳಾಸ ನಿರ್ಧರಿಸಲಾಗದೆ ಪತ್ರವನ್ನು ಬಹಿರಂಗಪಡಿಸಲಾಗಿದೆ.)

ವಿಷಯ: ಕೊನೆ ಗಳಿಗೆಯಲ್ಲಿ ಪ್ರಯಾಣ ಮಾರ್ಗ ಬದಲಿಸುವ ವಿದ್ಯೆಯಲ್ಲಿ ಮಂಡಳಿಗಳು ಸಾಧಿಸಿರುವ ಪ್ರೌಢಿಮೆಯನ್ನು ಅಭಿನಂದಿಸುವ ಬಗ್ಗೆ.
ಉಲ್ಲೇಖ: ಟಿಕೆಟ್ ಒಪ್ಪಂದದಲ್ಲಿ ಅತಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಕಲಮು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಪ್ರಯಾಣಿಕ ವರ್ಗವು ಮಂಡಳಿಗಳ ಅವಗಾಹನೆಗೆ ತರಬಯಸುವುದೇನೆಂದರೆ, ಹಡಗೆಂಬುದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಸಾಧನವೆಂದು ಮನುಷ್ಯ ಕುಲವು ಬಹುಕಾಲದಿಂದ ನಂಬಿಕೊಂಡು ಬಂದಿತ್ತು. ಈ ತಪ್ಪು ತಿಳಿವಳಿಕೆಯನ್ನು ನಿವಾರಿಸಿ, ಯಾವ ಊರಿಗೂ ಹೋಗಲೇಬೇಕೆಂಬ ಕಟ್ಟುಪಾಡಿಲ್ಲದ ಹಡಗಿನ ಟಿಕೆಟ್ಟನ್ನು ಊರುಗಳ ಚಿತ್ರ ತೋರಿಸಿಯೇ ಮಾರಬಹುದೆಂದು ಸಿದ್ಧಪಡಿಸಿದ ಕೀರ್ತಿ ಮಂಡಳಿಗಳಿಗೆ ಸಲ್ಲುತ್ತದೆ. ಈ ಸಾಧನೆಯ ಬೇರು ಟಿಕೆಟ್ ಒಪ್ಪಂದದಲ್ಲಿದೆ. ಟಿಕೆಟ್ ಒಪ್ಪಂದವೆಂದರೆ, ಪ್ರಯಾಣಿಕನು ಹಣ ಪಾವತಿಸಿದೊಡನೆ, ಓದಿರಲಿ ಓದದಿರಲಿ, ಒಪ್ಪಿಕೊಂಡನೆಂದು ಭಾವಿಸಲಾಗುವ ಷರತ್ತುಗಳ ಸಂಪುಟ. ಕಂಪನಿಯಿಂದ ಕಂಪನಿಗೆ ಅದರ ಪದಗಳು ಬೇರೆಯಾದರೂ ತಿರುಳು ಸಾಮಾನ್ಯವಾಗಿ ಒಂದೇ: ಹೊರಡುವ ಹೊತ್ತನ್ನಾಗಲಿ ತಂಗುವ ಬಂದರನ್ನಾಗಲಿ ಬದಲಿಸುವ, ಬಿಟ್ಟುಬಿಡುವ, ಅದರ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸುವ ಅಧಿಕಾರ ಕಂಪನಿಯದು, ಅದರಿಂದಾಗುವ ನಷ್ಟ ಪ್ರಯಾಣಿಕನದು. ಸ್ಯಾಂಟೊರಿನಿಯ ಬಿಳಿ ಮನೆಗಳು ಪ್ರಚಾರ ಪುಸ್ತಿಕೆಯ ಇಡೀ ಪುಟವನ್ನು ಆವರಿಸಿದ್ದರೆ, ಸ್ಯಾಂಟೊರಿನಿಗೆ ಹೋಗದಿರುವ ಹಕ್ಕು ಒಂದೇ ವಾಕ್ಯದಲ್ಲಿ ಅಡಕವಾಗಿರುತ್ತದೆ. ವ್ಯಾಜ್ಯ ಬಂದಾಗ ನಿಲ್ಲುವುದು ಆ ವಾಕ್ಯವೇ.

ಪ್ರಯಾಣಿಕ ವರ್ಗವು ಅವಿವೇಕಿಯಲ್ಲವೆಂಬುದನ್ನು ಇಲ್ಲಿಯೇ ದಾಖಲಿಸುವುದು ಉಚಿತ. ಸಮುದ್ರಕ್ಕೆ ವೇಳಾಪಟ್ಟಿ ಓದಲು ಬರುವುದಿಲ್ಲ. ಸ್ಯಾಂಟೊರಿನಿಯಂತಹ ತಾಣಗಳಲ್ಲಿ ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲಲಾಗದೆ ದೂರದಲ್ಲಿಯೇ ಉಳಿದು, ಪ್ರಯಾಣಿಕರನ್ನು ಟೆಂಡರ್ ಎಂದು ಕರೆಯಲಾಗುವ ಸಣ್ಣ ದೋಣಿಗಳಲ್ಲಿ ದಡ ಮುಟ್ಟಿಸಬೇಕಾಗುತ್ತದೆ. ಅಲೆ ಎದ್ದ ದಿನ ವೃದ್ಧರನ್ನೂ ಮಕ್ಕಳನ್ನೂ ಅಂತಹ ದೋಣಿಗೆ ಇಳಿಸಲು ಒಪ್ಪದ ಕ್ಯಾಪ್ಟನ್ನನು ಕೃತಜ್ಞತೆಗೆ ಪಾತ್ರನೇ ಹೊರತು ದೂರಿಗಲ್ಲ. ಜೀವರಕ್ಷಣೆಗಾಗಿ ಕ್ಯಾಪ್ಟನ್ ಕೈಗೊಳ್ಳುವ ತೀರ್ಮಾನಕ್ಕೆ ಹಡಗಿನ ಮಾಲೀಕನೂ ಅಡ್ಡಿಪಡಿಸಕೂಡದೆಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಕಡಲ ಸುರಕ್ಷತಾ ಒಪ್ಪಂದವೇ ಹೇಳುತ್ತದೆ. ಸರ್ಕಾರಗಳ ಆಜ್ಞೆಗೂ ಕಂಪನಿಗಳು ತಲೆಬಾಗಲೇಬೇಕು: 2019ರ ಜೂನ್ 4ರಂದು ಅಮೆರಿಕ ಸರ್ಕಾರವು ಕ್ಯೂಬಾಕ್ಕೆ ಕ್ರೂಸ್ ಯಾನವನ್ನು ಮರುದಿನದಿಂದಲೇ ನಿಷೇಧಿಸಿದಾಗ ಹವಾನಾದ ಕನಸು ಹೊತ್ತು ಹೊರಟಿದ್ದವರಿಗೆ ಬೇರೆ ಬಂದರುಗಳು ದೊರೆತವು. 2023ರ ಡಿಸೆಂಬರಿನಲ್ಲಿ ಮಯಾಮಿಯಿಂದ ಹೊರಟ 274 ರಾತ್ರಿಗಳ ವಿಶ್ವಯಾನವೊಂದು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ ಆಫ್ರಿಕಾವನ್ನು ಸುತ್ತು ಹಾಕಬೇಕಾಯಿತು. ಇಂತಹ ಬದಲಾವಣೆಗಳ ಬಗ್ಗೆ ಬೇಸರಪಡಬಹುದು, ತಕರಾರು ಎತ್ತುವಂತಿಲ್ಲ.

ಅಭಿನಂದನೆಗೆ ಅರ್ಹವಾದ ವಿದ್ಯೆ ಇದರಾಚೆಗಿದೆ. ಬಿರುಗಾಳಿಗಾಗಿ ಬರೆದ ಕಲಮಿನ ನೆರಳಿನಲ್ಲಿ ಲೆಕ್ಕಪುಸ್ತಕವೂ ಸದ್ದಿಲ್ಲದೆ ಆಶ್ರಯ ಪಡೆದಿರುವುದನ್ನು ಸಾಮಾನ್ಯ ಪ್ರಯಾಣಿಕನು ಗುರುತಿಸಲಾರ. ಹಡಗು ಬಂದರಿನಲ್ಲಿ ನಿಂತಿರುವಷ್ಟು ಹೊತ್ತು, ಬಹುತೇಕ ದೇಶಗಳ ಕಾಯಿದೆಗಳ ಪ್ರಕಾರ, ಅದರೊಳಗಿನ ಕ್ಯಾಸಿನೊ ಮತ್ತು ಸುಂಕರಹಿತ ಅಂಗಡಿಗಳು ಬಾಗಿಲು ಮುಚ್ಚಿರಬೇಕಾಗುತ್ತದೆ. ಪ್ರಯಾಣಿಕನ ಹಣ ದಡದ ಹೋಟೆಲಿನವನಿಗೂ ಟ್ಯಾಕ್ಸಿಯವನಿಗೂ ಹೋಗುತ್ತದೆ. ಬಂದರು ತಪ್ಪಿದ ದಿನವು ‘ಸಮುದ್ರದ ದಿನ’ವೆಂಬ ಸುಂದರ ಹೆಸರು ಪಡೆದು, ಕ್ಯಾಸಿನೊ, ಅಂಗಡಿ, ಸ್ಪಾ, ಬಾರುಗಳೆಲ್ಲವೂ ತೆರೆದಿರುವಾಗ, ಬೇರೆಲ್ಲಿಗೂ ಹೋಗಲಾಗದ ಸಾವಿರಾರು ಗಿರಾಕಿಗಳನ್ನು ಹಡಗಿಗೆ ಒದಗಿಸುತ್ತದೆ. ಇಂಧನದ ಲೆಕ್ಕವೂ ಇದಕ್ಕೆ ಪೂರಕವಾಗಿದೆ: ಹಡಗನ್ನು ಮುನ್ನಡೆಸಲು ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ, ವೇಗವನ್ನು ಶೇ 10ರಷ್ಟು ತಗ್ಗಿಸಿದರೆ ಆ ಶಕ್ತಿಯ ಅಗತ್ಯ ಶೇ 27ರಷ್ಟು ಇಳಿಯುತ್ತದೆ, ದೂರದ ಬಂದರೊಂದನ್ನು ಕೈಬಿಟ್ಟರೆ ನಿಧಾನವಾಗಿ ಸಾಗಲು ಬೇಕಾದ ಬಿಡುವು ತಾನಾಗಿ ಲಭಿಸುತ್ತದೆ. ಬದಲಿ ತಾಣವಾಗಿ ಬಹಾಮಾಸ್‌ನಲ್ಲಿ ಕಂಪನಿಯೇ ನಡೆಸುವ ಖಾಸಗಿ ದ್ವೀಪವನ್ನು ಆರಿಸಿದರಂತೂ, ದಡಕ್ಕಿಳಿದ ಪ್ರಯಾಣಿಕನು ಕೊಳ್ಳುವ ಎಳನೀರಿನ ದುಡ್ಡೂ ಕಂಪನಿಯ ಪೆಟ್ಟಿಗೆಗೇ ಬಂದು ಬೀಳುತ್ತದೆ. ಎಲ್ಲ ಬದಲಾವಣೆಗಳೂ ಈ ಲೆಕ್ಕದಿಂದಲೇ ಹುಟ್ಟುತ್ತವೆಂದು ಪ್ರಯಾಣಿಕ ವರ್ಗವು ಆರೋಪಿಸುವುದಿಲ್ಲ. ಯಾವುದು ಗಾಳಿಯಿಂದ ಹುಟ್ಟಿತು, ಯಾವುದು ಲೆಕ್ಕದಿಂದ ಹುಟ್ಟಿತು ಎಂದು ತಿಳಿಯುವ ದಾರಿಯನ್ನೇ ಮುಚ್ಚಿರುವ ಜಾಣ್ಮೆಯನ್ನು ಮಾತ್ರ ಮೆಚ್ಚುತ್ತದೆ. ‘ಕಾರ್ಯಾಚರಣೆಯ ಕಾರಣಗಳಿಂದ’ ಎಂಬ ಒಂದೇ ನುಡಿಗಟ್ಟಿನಲ್ಲಿ ಚಂಡಮಾರುತವೂ ಉಳಿತಾಯವೂ ಒಟ್ಟಿಗೆ ವಾಸಿಸಬಲ್ಲವು.

ಮಂಡಳಿಗಳು ಭೂಗೋಳಶಾಸ್ತ್ರಕ್ಕೆ ಸಲ್ಲಿಸಿರುವ ಕಾಣಿಕೆಯೂ ಸಣ್ಣದಲ್ಲ. 25,000 ಗ್ರಾಸ್ ಟನ್ ಮೀರಿದ ಹಡಗುಗಳು ವೆನಿಸ್ಸಿನ ಹೃದಯಭಾಗದ ಕಾಲುವೆಯನ್ನು ಹಾಯಬಾರದೆಂದು ಇಟಲಿ ಸರ್ಕಾರವು 2021ರ ಆಗಸ್ಟ್ 1ರಿಂದ ತಡೆದ ಬಳಿಕ, ನೂರು ಕಿಲೊಮೀಟರಿಗೂ ಆಚೆಗಿರುವ ರಾವೆನ್ನಾ ಕ್ರೂಸ್ ಪುಸ್ತಿಕೆಗಳಲ್ಲಿ ವೆನಿಸ್ಸಿನ ಮಗ್ಗುಲಿಗೆ ಬಂದು ಕುಳಿತಿತು. ಸಮುದ್ರವೇ ಇಲ್ಲದ ಬರ್ಲಿನ್ ನಗರಕ್ಕೆ ದೂರದ ಕಡಲತೀರದ ವಾರ್ನೆಮ್ಯುಂಡೆಯ ರೂಪದಲ್ಲಿ ಬಂದರು ದೊರೆತುದೂ ಇದೇ ಪರಂಪರೆಯ ಫಲ. ಸ್ಥಳದ ಹೆಸರಿಗೂ ಸ್ಥಳಕ್ಕೂ ಇಷ್ಟು ಸಡಿಲವಾದ ಸಂಬಂಧ ಸಾಕೆಂದ ಮೇಲೆ, ಸ್ಥಳವನ್ನು ಪೂರ್ತಿಯಾಗಿ ಕೈಬಿಡುವುದು ಮುಂದಿನ ಹೆಜ್ಜೆ ಅಷ್ಟೆ.

ಪರಿಹಾರದ ವಿಷಯದಲ್ಲಿಯೂ ಮಂಡಳಿಗಳ ಔದಾರ್ಯಕ್ಕೆ ಎಣೆಯಿಲ್ಲ. ಬಂದರು ತಪ್ಪಿದಾಗ ಸಾಮಾನ್ಯವಾಗಿ ಮರಳುವುದು ಬಂದರು ಶುಲ್ಕ, ಅಂದರೆ ಹಡಗು ತಂಗಿದರೆ ಸ್ಥಳೀಯ ಆಡಳಿತಕ್ಕೆ ತೆರಬೇಕಾಗಿದ್ದ, ತಂಗದ ಕಾರಣ ಕಂಪನಿಯು ತೆರದೆ ಉಳಿದ ಸಣ್ಣ ಮೊತ್ತ. ಹೋಳಿಗೆ ಊಟಕ್ಕೆ ದುಡ್ಡು ಪಡೆದು, ಹೋಳಿಗೆ ಬಡಿಸದೆ, ಎಲೆ ತುದಿಯ ಉಪ್ಪಿನ ಬೆಲೆಯನ್ನು ಮರಳಿಸಿ ಧನ್ಯವಾದ ನಿರೀಕ್ಷಿಸುವ ಅಡುಗೆಯವನ ಕ್ರಮವಿದು. ಆ ಮೊತ್ತವೂ ಹೆಚ್ಚಾಗಿ ‘ಆನ್‌ಬೋರ್ಡ್ ಕ್ರೆಡಿಟ್’ ಆಗಿ, ಎಂದರೆ ಹಡಗಿನೊಳಗೇ ಖರ್ಚು ಮಾಡಬಹುದಾದ ಖಾತೆಯ ಜಮೆಯಾಗಿ ಬರುತ್ತದೆ. ಅಸಮಾಧಾನ ಇನ್ನೂ ಹೆಚ್ಚಾದರೆ ಮುಂದಿನ ಯಾನದ ದರದಲ್ಲಿ ರಿಯಾಯಿತಿ ಸಿಗುತ್ತದೆ. 2019ರಲ್ಲಿ ಸೌತಾಂಪ್ಟನ್ನಿನಿಂದ ಹೊರಟ ಹಡಗೊಂದು ಕೆಟ್ಟ ಹವೆಯ ಕಾರಣ ಆಮ್‌ಸ್ಟರ್‌ಡ್ಯಾಮ್, ಐಸ್‌ಲ್ಯಾಂಡ್‌ಗಳನ್ನು ಕೈಬಿಟ್ಟಾಗ, ಹಡಗಿನಲ್ಲಿಯೇ ಘೋಷಣೆ ಕೂಗಿ ಪ್ರತಿಭಟಿಸಿದ ಪ್ರಯಾಣಿಕರಿಗೆ ಮುಂದಿನ ಯಾನಕ್ಕೆ ಅನ್ವಯಿಸುವ ಶೇ 25ರ ಜಮೆಯನ್ನು ನೀಡಲಾಯಿತು. ಒಮ್ಮೆ ನಿರಾಶನಾದವನು ಇನ್ನೊಮ್ಮೆ ಹಣ ಕಟ್ಟಿದರೆ ಮಾತ್ರ ಕೈಗೆ ಬರುವ ಈ ಪರಿಹಾರದಲ್ಲಿ, ಮೂಗಿಗೆ ತುಪ್ಪ ಸವರುವ ಪ್ರಾಚೀನ ಪದ್ಧತಿಯು ವಾಣಿಜ್ಯಶಾಸ್ತ್ರದ ಘನತೆಯನ್ನು ಪಡೆದಿದೆ.

ಸಮಯಪಾಲನೆಯ ಬಗ್ಗೆ ಮಂಡಳಿಗಳಿಗಿರುವ ನಿಷ್ಠೆಯನ್ನು ಹೇಳದೆ ಬಿಟ್ಟರೆ ಪತ್ರವು ಅಪೂರ್ಣವಾದೀತು. 2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕಾದ ಸಾವೊ ಟೋಮೆ ದ್ವೀಪದಲ್ಲಿ ಖಾಸಗಿ ಪ್ರವಾಸಕ್ಕೆ ಹೋಗಿ ತಡವಾಗಿ ಮರಳಿದ ಎಂಟು ಮಂದಿ ಪ್ರಯಾಣಿಕರಿಗೆ ಹಡಗು ಕಣ್ಣೆದುರಿಗೇ ಇದ್ದರೂ ಹತ್ತಲು ಅವಕಾಶ ಸಿಗಲಿಲ್ಲ. ಅವರು ಹಲವು ದೇಶಗಳನ್ನು ದಾಟಿ, ಹಡಗು ಮುಂದೆ ತಂಗಬೇಕಿದ್ದ ಗ್ಯಾಂಬಿಯಾದ ಬಂಜುಲ್ ಬಂದರಿಗೆ ಬಂದು ಕಾದರು. ಆದರೆ ಉಬ್ಬರವಿಳಿತ ಮತ್ತು ಹವಾಮಾನದ ಕಾರಣ ಹಡಗು ಬಂಜುಲ್‌ಗೆ ಬರಲೇ ಇಲ್ಲ. ಕೊನೆಗೆ ಅವರು ಸೆನೆಗಲ್‌ಗೆ ಹೋಗಿ ಹಡಗನ್ನು ಕೂಡಿಕೊಳ್ಳಬೇಕಾಯಿತು. ಪ್ರಯಾಣಿಕನು ವೇಳೆ ತಪ್ಪಿದರೆ ಅದು ಅವನ ಬೇಜವಾಬ್ದಾರಿ, ಹಡಗು ಊರನ್ನೇ ತಪ್ಪಿಸಿದರೆ ಅದು ವಿಧಿಯ ಲೀಲೆ ಎಂಬ ಸಿದ್ಧಾಂತವನ್ನು ಒಂದೇ ವಾರದಲ್ಲಿ, ಒಂದೇ ಗುಂಪಿನ ಮೇಲೆ ಹೀಗೆ ಎರಡೂ ಬಗೆಯಲ್ಲಿ ಪ್ರಯೋಗಿಸಿ ತೋರಿಸಿದ ನಿದರ್ಶನ ವಿರಳ.

ನ್ಯಾಯಾಂಗವೂ ಟಿಕೆಟ್ ಷರತ್ತುಗಳ ಸಂಪುಟವನ್ನು ಗೌರವಿಸಿದೆ. ಹಡಗಿನಲ್ಲಿ ಜಾರಿಬಿದ್ದ ಮಹಿಳೆಯೊಬ್ಬರು ತಮ್ಮ ತವರು ರಾಜ್ಯವಾದ ವಾಷಿಂಗ್ಟನ್ನಿನಲ್ಲಿ ಹೂಡಿದ್ದ ದಾವೆಯ ಬಗ್ಗೆ 1991ರಲ್ಲಿ ತೀರ್ಪಿತ್ತ ಅಮೆರಿಕದ ಸುಪ್ರೀಂ ಕೋರ್ಟು, ವ್ಯಾಜ್ಯಗಳೆಲ್ಲ ಫ್ಲೋರಿಡಾದಲ್ಲಿಯೇ ನಡೆಯಬೇಕೆಂಬ ಟಿಕೆಟ್ಟಿನ ಷರತ್ತು ಸಿಂಧುವೆಂದು ಎತ್ತಿಹಿಡಿಯಿತು; ಇಂತಹ ಷರತ್ತಿನಿಂದ ಕಂಪನಿಗೆ ಉಳಿಯುವ ಖರ್ಚು ಟಿಕೆಟ್ ದರದ ಇಳಿಕೆಯಾಗಿ ಪ್ರಯಾಣಿಕನನ್ನು ತಲುಪುತ್ತದೆಂದು ಬಹುಮತದ ತೀರ್ಪು ತರ್ಕಿಸಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಟೀವನ್ಸ್ ಅವರು, ಅತ್ಯಂತ ಜಾಗರೂಕನಾದ ಪ್ರಯಾಣಿಕನ ಕಣ್ಣಿಗೆ ಮಾತ್ರ ಬೀಳಬಹುದಾದ ಆ ಷರತ್ತು 25 ಪರಿಚ್ಛೇದಗಳ ನಡುವೆ 8ನೆಯದರಲ್ಲಿದೆಯೆಂದು ತೋರಿಸಲು, ಟಿಕೆಟ್ಟಿನಲ್ಲಿದ್ದ ಅದೇ ಅಕ್ಷರ ಗಾತ್ರದಲ್ಲಿ ಅದರ ಪ್ರತಿಯನ್ನೇ ತಮ್ಮ ಬರಹಕ್ಕೆ ಲಗತ್ತಿಸಿದರು. ಕ್ರೂಸ್ ಉದ್ಯಮದ ಸಂಘವು 2013ರಲ್ಲಿ ಪ್ರಕಟಿಸಿದ ‘ಪ್ರಯಾಣಿಕರ ಹಕ್ಕುಗಳ ಸನ್ನದು’ ಯಂತ್ರ ಕೆಟ್ಟು ಯಾನವೇ ರದ್ದಾದರೆ ಅಥವಾ ಅರ್ಧಕ್ಕೆ ನಿಂತರೆ ಹಣ ಮರಳಿಸುವ ಮಾತಾಡುತ್ತದೆ; ಯಂತ್ರ ಸರಿಯಿದ್ದು, ಊಟ ಬಿಸಿಯಿದ್ದು, ಊರೊಂದೇ ಮಾಯವಾದರೆ ಹಾಗೆ ಹಣ ಮರಳಿಸುವ ಮಾತು ಅದರಲ್ಲಿಲ್ಲ. ಯುರೋಪಿನ ಒಕ್ಕೂಟ ಮಾತ್ರ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಮೂಲಕ, ಯಾನಕ್ಕೆ ಮುನ್ನ ಮುಖ್ಯಾಂಶಗಳು ಗಣನೀಯವಾಗಿ ಬದಲಾದರೆ ದಂಡವಿಲ್ಲದೆ ಒಪ್ಪಂದ ರದ್ದುಪಡಿಸುವ ಹಕ್ಕನ್ನು ಪ್ರವಾಸಿಗೆ ನೀಡಿ ಈ ವಿದ್ಯೆಯ ಬೆಳವಣಿಗೆಗೆ ಅಡ್ಡಿಯಾಗಿದೆ.

ಭಾರತದ ಪ್ರಯಾಣಿಕನಿಗೆ ಈ ವಿದ್ಯೆಯ ವಿಶೇಷ ಅಧ್ಯಾಯವೊಂದು ಮೀಸಲಾಗಿದೆ. ಬೆಂಗಳೂರಿನ ಏಜೆಂಟನ ಮೂಲಕ ಮೆಡಿಟರೇನಿಯನ್ ಯಾನ ಕಾದಿರಿಸಿದವನು ಬಂದರುಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ವೀಸಾಗಳನ್ನು ಪಡೆದಿರುತ್ತಾನೆ. ಪಟ್ಟಿ ಬದಲಾದರೆ ತೆತ್ತ ವೀಸಾ ಶುಲ್ಕ ಮರಳುವುದಿಲ್ಲ, ಹೊಸ ಬಂದರಿಗೆ ಬೇರೆ ವೀಸಾ ಬೇಕಾದರೆ ಸಹಪ್ರಯಾಣಿಕರು ದಡಕ್ಕಿಳಿಯುವುದನ್ನು ಡೆಕ್ಕಿನ ಕಟಕಟೆಯ ಬಳಿ ನಿಂತು ನೋಡಬೇಕಾಗುತ್ತದೆ. ದಡದಲ್ಲಿ ಕಾಯುವವರ ಪಾಡೂ ಇದಕ್ಕಿಂತ ಮೇಲಲ್ಲ. ನವಮಂಗಳೂರು ಬಂದರಿಗೆ ಬರುವ ಕ್ರೂಸ್ ಪ್ರಯಾಣಿಕರನ್ನು ಕಾರ್ಕಳ, ಮೂಡುಬಿದಿರೆ, ಕುದ್ರೋಳಿಗಳಿಗೆ ಕರೆದೊಯ್ಯುವ ಪರಿಪಾಠವಿದೆ. ಹಡಗು ಬಾರದಿದ್ದರೆ 1432ರಿಂದ ನಿಂತೇ ಇರುವ ಕಾರ್ಕಳದ ಗೊಮ್ಮಟನಿಗೆ ನಷ್ಟವಿಲ್ಲ, ಆ ದಿನದ ಬಾಡಿಗೆ ನೆಚ್ಚಿಕೊಂಡ ಟ್ಯಾಕ್ಸಿ ಚಾಲಕನಿಗೂ ಗೈಡಿಗೂ ಇದೆ. ಟಿಕೆಟ್ ಒಪ್ಪಂದದಲ್ಲಿ ಇವರ ಹೆಸರೇ ಇಲ್ಲದಿರುವುದರಿಂದ ಇವರ ದೂರನ್ನು ತಿರಸ್ಕರಿಸುವ ಶ್ರಮವೂ ಕಂಪನಿಗೆ ಬೀಳುವುದಿಲ್ಲ.

ಇಷ್ಟೆಲ್ಲದರ ನಡುವೆ ಒಂದು ಬಂದರಿನ ವಿಷಯದಲ್ಲಿ ಮಂಡಳಿಗಳು ತೋರುವ ಶ್ರದ್ಧೆ ಗಮನಾರ್ಹವಾದುದು. ವಿದೇಶಿ ಧ್ವಜದ ಹಡಗುಗಳು ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವುದನ್ನು 1886ರ ಪ್ರಯಾಣಿಕ ನೌಕಾ ಸೇವಾ ಕಾಯಿದೆಯು ನಿರ್ಬಂಧಿಸಿರುವುದರಿಂದ, ಸಿಯಾಟಲ್‌ನಿಂದ ಹೊರಟು ಅಲಾಸ್ಕಾ ಸುತ್ತಿ ಬರುವ ಹಡಗು ನಡುವೆ ಒಂದು ವಿದೇಶಿ ಬಂದರಿನಲ್ಲಿ ತಂಗಲೇಬೇಕು. ಆದ್ದರಿಂದಲೇ ಅನೇಕ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ, ಕೆಲವೊಮ್ಮೆ ಅಂಗಡಿಗಳೆಲ್ಲ ಮುಚ್ಚುವ ರಾತ್ರಿಯ ಹೊತ್ತಿನಲ್ಲಿಯಾದರೂ, ಕೆಲವು ಗಂಟೆ ನಿಂತು ಹೋಗುತ್ತವೆ. ಕಾಯಿದೆ ಮುರಿದರೆ ತಲೆಯೊಂದಕ್ಕೆ ಇಷ್ಟೆಂದು ದಂಡ ಬೀಳುತ್ತದೆ. ಪ್ರಯಾಣಿಕನು ಹಣ ಕೊಟ್ಟು ಬಯಸಿದ ಬಂದರು ಸುಲಭವಾಗಿ ಕೈಬಿಟ್ಟುಹೋಗುವಾಗ, ಕಾಯಿದೆಯು ದಂಡದ ಭಯ ಹುಟ್ಟಿಸಿ ಬೇಡಿದ ಬಂದರು ವೇಳಾಪಟ್ಟಿಯಲ್ಲಿ ಭದ್ರವಾಗಿ ಕೂರುತ್ತದೆ. ಬಂದರು ತಪ್ಪುವುದರ ಬೆಲೆ ಕಂಪನಿಯ ಮೇಲೆ ಬಿದ್ದರೆ ಯೋಜನೆಯು ಗಟ್ಟಿಯಾಗುತ್ತದೆ, ಪ್ರಯಾಣಿಕನ ಮೇಲೆ ಬಿದ್ದರೆ ಸಡಿಲವಾಗುತ್ತದೆ. ಈ ಶಾಸ್ತ್ರದ ಸಾರ ಇಷ್ಟೇ.

ಆದಕಾರಣ ಪ್ರಯಾಣಿಕ ವರ್ಗದ ವಿನಂತಿಯೂ ಸರಳವಾಗಿದೆ. ಪ್ರತಿ ಬದಲಾವಣೆಯ ನಿಜವಾದ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಸುರಕ್ಷತೆಗಾಗಿ ಆದ ಬದಲಾವಣೆಗೆ ಕ್ಯಾಪ್ಟನ್ನನ ಮಾತೇ ಸಾಕು, ಅನುಕೂಲಕ್ಕಾಗಿ ಆದುದಕ್ಕೆ ಟಿಕೆಟ್ ದರದಲ್ಲಿ ಆ ಬಂದರಿನ ಪಾಲನ್ನು ನಗದಾಗಿ ಮರಳಿಸಬೇಕು. ಯಾನಕ್ಕೆ ಮುನ್ನವೇ ಬದಲಾವಣೆ ತಿಳಿದಿದ್ದರೆ ದಂಡವಿಲ್ಲದೆ ಹಿಂದೆ ಸರಿಯುವ ಹಕ್ಕು ಎಲ್ಲ ದೇಶಗಳ ಪ್ರಯಾಣಿಕರಿಗೂ ಇರಬೇಕು. ಒಂದು ಖಂಡದ ಪ್ರಯಾಣಿಕರಿಗೆ ಕಾಯಿದೆಯ ಬಲದಿಂದ ಕೊಡುತ್ತಿರುವುದನ್ನು ಉಳಿದವರಿಗೂ ಕೊಟ್ಟರೆ ಯಾವ ಹಡಗೂ ಮುಳುಗುವುದಿಲ್ಲ.

ಇಂತಿ,
ಪ್ರಯಾಣಿಕ ವರ್ಗ

ಪ್ರತಿಯನ್ನು ಮಾಹಿತಿಗಾಗಿ: ಟಿಕೆಟ್ ಕೊಳ್ಳಲಿರುವ ಓದುಗರಿಗೆ. ಗ್ರಾಹಕನ ಹಕ್ಕುಗಳನ್ನು ಗಣನೀಯವಾಗಿ ಕುಗ್ಗಿಸುವ ಷರತ್ತುಗಳುಳ್ಳ ಕರಾರನ್ನು ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ‘ಅನ್ಯಾಯದ ಒಪ್ಪಂದ’ವೆಂದು ಗುರುತಿಸುತ್ತದೆ, ಗ್ರಾಹಕನು ತಾನು ವಾಸಿಸುವ ಊರಿನ ವ್ಯಾಪ್ತಿಯಲ್ಲಿಯೇ ದೂರು ಸಲ್ಲಿಸಲು ಅವಕಾಶ ನೀಡುತ್ತದೆ. ಆದ್ದರಿಂದ ಟಿಕೆಟ್ಟನ್ನು ಸಾಧ್ಯವಾದಷ್ಟು ಭಾರತದಲ್ಲಿಯೇ ರಸೀದಿ ಪಡೆದು ಕೊಳ್ಳುವುದು, ಬಂದರುಗಳ ಪಟ್ಟಿಯಿರುವ ಪುಟವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು, ಹಣ ಪಾವತಿಸುವ ಮುನ್ನ ಆ ಸಣ್ಣ ಅಕ್ಷರಗಳ ಕಲಮನ್ನು ಓದುವುದು ಲೇಸು.