ಕಂಕಭಟ್ಟನ ಊರಿನಲ್ಲಿ ಯಂತ್ರೋದ್ಧಾರ

ಹಾನಗಲ್ಲಿಗೂ ಜೂಜಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಶಾಸನಗಳಲ್ಲಿ ಪಾನುಂಗಲ್ಲು, ವಿರಾಟನಗರಿ, ವಿರಾಟಕೋಟೆ ಎಂದೆಲ್ಲ ಹೆಸರಾದ ಈ ಊರಿನ ಐತಿಹ್ಯವನ್ನು ನಂಬುವುದಾದರೆ, ಪಗಡೆಯಲ್ಲಿ ರಾಜ್ಯಕೋಶಗಳನ್ನೂ ತಮ್ಮಂದಿರನ್ನೂ ಕಟ್ಟಕಡೆಗೆ ಕೈಹಿಡಿದವಳನ್ನೂ ಸೋತು ಹನ್ನೆರಡು ವರ್ಷ ಅಡವಿಯಲ್ಲಿ ಅಲೆದುಬಂದ ಧರ್ಮರಾಯನು, ತನಗೆ ತಿಳಿದಿದ್ದ ಮಿಕ್ಕ ವಿದ್ಯೆಗಳನ್ನೆಲ್ಲ ಬದಿಗಿಟ್ಟು, ಕಂಕಭಟ್ಟನೆಂಬ ಹೆಸರಿನಿಂದ ವಿರಾಟರಾಯನಿಗೆ ಪಗಡೆಯಾಡಿಸುವ ಉದ್ಯೋಗವನ್ನೇ ಹಿಡಿದದ್ದು ಇಲ್ಲಿ. ಪೂರ್ವಚರಿತ್ರೆಯನ್ನು ವಿಚಾರಿಸದೆ ನೌಕರಿ ಕೊಡುವ ಪದ್ಧತಿ ನಮ್ಮ ಕಡೆ ಅಂದಿನಿಂದಲೇ ಇದ್ದಿತೆಂದು ತೋರುತ್ತದೆ.

ಆದುದರಿಂದ, ವ್ಯಾಪಾರದ ಹಡಗುಗಳಲ್ಲಿ ಎಂಜಿನಿಯರನಾಗಿ ಲೋಕವನ್ನೆಲ್ಲ ಸುತ್ತಿದ ನನ್ನ ಸೋದರಮಾವನ ಮಗನು ಮುಂಬಯಿಯ ಮನೆಯನ್ನು ಮುಚ್ಚಿ ಊರಿಗೆ ಮರಳುವಾಗ, ಕಪಾಟು ಮಂಚಗಳ ಸಂಗಡ ಲಾರಿಯಲ್ಲಿ ಬಂದ ಅರ್ಧ ಕ್ವಿಂಟಲಿನಷ್ಟು ತೂಕದ ಅಮೆರಿಕನ್ ಜೂಜುಯಂತ್ರವೊಂದನ್ನು “ನಿಮಗೆ ಹಳೇ ಸಾಮಾನಿನ ಹುಚ್ಚು ಐತೆಲ್ಲ, ಇಟಗೋರಿ” ಎಂದು ನಮ್ಮ ಪಡಸಾಲೆಯಲ್ಲಿ ಇಳಿಸಿಹೋದಾಗ, ಸದ್ಗೃಹಸ್ಥನಾದವನಿಗೆ ಆಗಬೇಕಾದಷ್ಟು ಸಂಕೋಚ ನನಗಾಗಲಿಲ್ಲ. ನನ್ನ ಹೆಂಡತಿಗೆ ಮಾತ್ರ ಆಯಿತು. “ಅಲ್ರೀ, ದ್ರೌಪದಿ ಪಟ್ಟ ಪಾಡು ಸಾಲದಂತ ಈಗ ಅಮೇರಿಕಾದ ಶಕುನೀನ ಮನೀಗೆ ತಂದ್ರ್ಯಾ?” ಎಂದವಳು, ಮರುದಿನದಿಂದ ಅದರ ನೆತ್ತಿಯ ಮೇಲೆ ಒಗೆದ ಬಟ್ಟೆಗಳನ್ನು ಮಡಿಸಿಡತೊಡಗಿದಳು.

ಯಂತ್ರದ ರೂಪವನ್ನು ಹೇಳಬೇಕು. ಎದುರಿಗೆ ಗಾಜಿನ ಕಿಂಡಿ, ಅದರ ಹಿಂದೆ ಚಿತ್ರಗಳನ್ನು ಅಂಟಿಸಿದ ಮೂರು ಗಾಲಿಗಳು, ಮೇಲೆ ನಾಣ್ಯ ಹಾಕುವ ಸೀಳು, ಕೆಳಗೆ ನಾಣ್ಯ ಬೀಳುವ ಬಟ್ಟಲು, ಬಲಗಡೆ ಒಂದೇ ಒಂದು ಉಕ್ಕಿನ ತೋಳು. ಈ ಕುಲದ ಮೂಲಪುರುಷನು ಬವೇರಿಯದಲ್ಲಿ 1862ರಲ್ಲಿ ಹುಟ್ಟಿ ಸಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ಚಾರ್ಲ್ಸ್ ಫೇ ಎಂಬ ಯಂತ್ರಶಿಲ್ಪಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನು ನಿರ್ಮಿಸಿದ ‘ಲಿಬರ್ಟಿ ಬೆಲ್’ ಯಂತ್ರದಲ್ಲಿ ಮೂರು ಘಂಟೆಗಳು ಸಾಲಾಗಿ ನಿಂತರೆ ಐವತ್ತು ಸೆಂಟುಗಳ ಬಹುಮಾನ. ಜೂಜನ್ನು ಸರಕಾರ ನಿಷೇಧಿಸಿದಾಗ ಇದೇ ಯಂತ್ರಗಳು ಚೂಯಿಂಗ್ ಗಮ್ ಮಾರುವ ಸಾತ್ವಿಕ ವೇಷವನ್ನು ಧರಿಸಿದುವು; ಚೆರಿ, ನಿಂಬೆ, ಕಿತ್ತಳೆಗಳು ಗಾಲಿಯನ್ನೇರಿದ್ದು ಆ ಗಮ್ಮಿನ ರುಚಿಗಳ ನೆಪದಿಂದ. ‘ಬಾರ್’ ಎಂಬ ಕರಿಯ ಪಟ್ಟಿಯೂ ಗಮ್ ಕಂಪನಿಯ ಮುದ್ರೆಯಿಂದ ಬಂದದ್ದೇ ಎನ್ನುತ್ತಾರೆ. ನಮ್ಮ ಯಂತ್ರದಲ್ಲಿ ಅತ್ಯುನ್ನತ ಬಹುಮಾನ ಮೂರು ಬಾರುಗಳಿಗೆ. ಮೂರು ಬಾರುಗಳು ಒಂದೇ ಸಾಲಿನಲ್ಲಿ ಬರುವುದು ನಮ್ಮ ಪೇಟೆಗಳ ಬೀದಿಗಳಲ್ಲಿ ಸುಲಭ. ಯಂತ್ರದಲ್ಲಿ ಪರಮ ದುರ್ಲಭ.

ತೋಳು ಅರ್ಧಕ್ಕೆ ಬಂದು ಅಲ್ಲಿಯೇ ಸೆಟೆದು ನಿಂತಿತ್ತು. ಪೇಟೆಯಲ್ಲಿ ಗಡಿಯಾರ ಮತ್ತು ಹೊಲಿಗೆಯಂತ್ರಗಳನ್ನು ದುರಸ್ತಿ ಮಾಡುವ ಒಬ್ಬನನ್ನು ಕರೆತಂದು ಹಿಂಬದಿಯ ಬಾಗಿಲನ್ನು ತೆರೆಯಿಸಿದೆನು. ಅವನು ಕಿರುದೀಪವನ್ನು ಬಾಯಲ್ಲಿ ಕಚ್ಚಿಕೊಂಡು ಬಹಳ ಹೊತ್ತು ಇಣುಕಿ ನೋಡಿ, “ಸರ, ಇದು ಕೆಟ್ಟಿಲ್ರಿ, ಜಿಡ್ಡು ಹಿಡದೈತಿ, ಅಷ್ಟ” ಎಂದನು. ತೋಳನ್ನು ಎಳೆದಾಗ ಸ್ಪ್ರಿಂಗುಗಳು ಬಿಗಿದು, ಗಾಲಿಗಳು ಒದೆಯಿಸಿಕೊಂಡು ತಿರುಗತೊಡಗುತ್ತವೆ. ಆಗ ಒಂದು ಪುಟ್ಟ ಗಡಿಯಾರದಂತಹ ಭಾಗವು ತನ್ನ ಬೀಸಣಿಗೆಯನ್ನು ಗಿರ್ರನೆ ತಿರುಗಿಸುತ್ತ ಕಾಲವನ್ನು ಅಳೆದು, ಎಡಗಡೆಯಿಂದ ಒಂದೊಂದಾಗಿ ಸನ್ನೆಗಳನ್ನು ಬಿಟ್ಟುಕೊಡುತ್ತದೆ. ಸನ್ನೆಯ ಮೂತಿ ಗಾಲಿಯ ಬದಿಯ ಹಲ್ಲುಚಕ್ರಕ್ಕೆ ಬಿದ್ದೊಡನೆ ಆ ಗಾಲಿ ಟಕ್ಕೆಂದು ನಿಲ್ಲುತ್ತದೆ. ಆ ಬೀಸಣಿಗೆಯ ಅಚ್ಚಿನಲ್ಲಿ ದಶಕಗಳ ಹಿಂದೆ ಯಾರೋ ಹಾಕಿದ ಎಣ್ಣೆ ಒಣಗಿ ಅರಗಾಗಿತ್ತು. ಸೀಮೆಎಣ್ಣೆ ಸುಲಭವಾಗಿ ಸಿಗದ ಕಾರಣ ಡೀಸೆಲಿನಲ್ಲಿ ನೆನೆಯಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಹೊಲಿಗೆಯಂತ್ರದ ತೆಳು ಎಣ್ಣೆಯನ್ನು ಹನಿಯಷ್ಟೇ ಬಿಟ್ಟಾಗ, ಬೀಸಣಿಗೆ ಒಮ್ಮೆ ನರಳಿ ಬಳಿಕ ತಿರುಗಿತು. ಉಪ್ಪಿಟ್ಟು ಕಲಸುತ್ತಿದ್ದ ಹೆಂಡತಿ ಸೌಟನ್ನು ಹಿಡಿದುಕೊಂಡೇ ಬಂದು ನಿಂತಳೆಂಬುದನ್ನು ಇಲ್ಲಿ ದಾಖಲಿಸಬೇಕು.

ಮುಂದಿನ ತೊಡಕು ನಾಣ್ಯದ್ದು. ಯಂತ್ರ ಬೇಡುವುದು ಅಮೆರಿಕೆಯ ಐದು ಸೆಂಟಿನ ನಾಣ್ಯ. ಅದರ ವ್ಯಾಸ 21 ಮಿಲಿಮೀಟರಿಗಿಂತ ತುಸು ಹೆಚ್ಚು. 2011ರ ಮಾದರಿಯ ನಮ್ಮ ಒಂದು ರೂಪಾಯಿ 22 ಮಿಲಿಮೀಟರಿನ ಹತ್ತಿರ. ಕೂದಲೆಳೆಯಷ್ಟರಲ್ಲಿ ಸೀಳಿನೊಳಗೆ ಇಳಿಯದು. ವಾಷರುಗಳನ್ನು ಹಾಕಿ ನೋಡೋಣವೆಂದರೆ, ನಡುವೆ ತೂತಿರುವ ಬಿಲ್ಲೆಯನ್ನು ಹಿಡಿದುಹಾಕಲೆಂದೇ ಒಳಗೊಂದು ಮುಳ್ಳನ್ನಿಟ್ಟಿದ್ದಾರೆ. ಸಾಲದುದಕ್ಕೆ, ಕೊನೆಗೆ ಹಾಕಿದ ಕೆಲವು ನಾಣ್ಯಗಳು ಗಾಜಿನ ಹಿಂದೆ ಎಲ್ಲರಿಗೂ ಕಾಣುವಂತೆ ಸಾಲುಗಟ್ಟಿ ನಿಲ್ಲುತ್ತವೆ. ಖೊಟ್ಟಿ ಬಿಲ್ಲೆ ಹಾಕಿದವನು ಅಂಗಡಿಯವನ ಕಣ್ಣಿಗೆ ಸಿಕ್ಕಿಬೀಳಲೇಬೇಕು. ಜೂಜುಕೋರನನ್ನು ಸುಲಿಯುವುದಕ್ಕಾಗಿ ಹುಟ್ಟಿದ ಯಂತ್ರವು ಜೂಜುಕೋರನ ಪ್ರಾಮಾಣಿಕತೆಯ ವಿಷಯದಲ್ಲಿ ಇಷ್ಟೊಂದು ನಿಷ್ಠುರವಾಗಿರುವುದು ಕೌತುಕವೇ ಸರಿ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಪಂಡಿತನು, ನಾಣ್ಯ ಹಾಕಿದರೆ ಅದರ ಭಾರಕ್ಕೆ ಸನ್ನೆ ಬಾಗಿ ಅಳತೆಯಷ್ಟೇ ಪುಣ್ಯೋದಕ ಸುರಿಯುವ ಪಾತ್ರೆಯೊಂದನ್ನು ದೇವಾಲಯಕ್ಕಾಗಿ ವರ್ಣಿಸಿದ್ದಾನೆ. ನಮ್ಮ ಅರ್ಚಕರು ಸನ್ನೆಯ ಸಹಾಯವಿಲ್ಲದೆಯೇ ತಟ್ಟೆಯ ನಾಣ್ಯಕ್ಕೂ ಉದ್ಧರಣೆಯ ತೀರ್ಥಕ್ಕೂ ತಾಳೆ ಹಾಕಬಲ್ಲವರಾದುದರಿಂದ ಆ ಯಂತ್ರ ಇಲ್ಲಿಗೆ ಬರಲಿಲ್ಲ. ಕಡೆಗೆ ಹುಬ್ಬಳ್ಳಿಯ ಲೇಥ್ ಅಂಗಡಿಯಲ್ಲಿ ಹಿತ್ತಾಳೆಯ ಬಿಲ್ಲೆಗಳನ್ನು ಕಡೆಯಿಸಿ ತಂದೆನು.

ನಿಜವಾದ ಬೆರಗು ಕಾದಿದ್ದುದು ಗಾಲಿಗಳನ್ನು ಬಿಚ್ಚಿದಾಗ. ಒಂದೊಂದು ಗಾಲಿಗೂ ನಿಲುಗಡೆಗಳು 20. ಬಾರ್ ಇರುವುದು ಪ್ರತಿಯೊಂದರಲ್ಲಿ ಒಂದೇ. ಗಾಲಿಯ ಪಕ್ಕದ ತಟ್ಟೆಯಲ್ಲಿ ಒಂದೊಂದು ಚಿತ್ರಕ್ಕೂ ತಕ್ಕಂತೆ ತೂತುಗಳನ್ನು ಕೊರೆದಿದ್ದಾರೆ. ಗಾಲಿ ನಿಂತ ಮೇಲೆ ಉಕ್ಕಿನ ಬೆರಳುಗಳು ಬಂದು ತಡವಿ, ತೂತು ಸಿಕ್ಕರೆ ಒಳಹೊಕ್ಕು ನಾಣ್ಯದ ಕೊಳವೆಯ ಬಾಯನ್ನು ತೆರೆಯುತ್ತವೆ, ಸಿಗದಿದ್ದರೆ ಹಿಂದಕ್ಕೆ ಸರಿಯುತ್ತವೆ. ಅದೃಷ್ಟವೆಂದು ಯಾವುದಕ್ಕೆ ಹರಕೆ ಹೊರುತ್ತೇವೆಯೋ ಅದು ಇಲ್ಲಿ ಎಣಿಸಬಹುದಾದಷ್ಟು ತೂತುಗಳು. 20ನ್ನು 20ರಿಂದ ಗುಣಿಸಿ ಮತ್ತೆ 20ರಿಂದ ಗುಣಿಸಿದರೆ 8,000; ಅವುಗಳಲ್ಲಿ ಮೂರು ಬಾರುಗಳ ಜೋಡಣೆ ಒಂದೇ ಒಂದು. ಆದರೆ ಗಾಜಿನ ಕಿಂಡಿಯಲ್ಲಿ ನಡುವಣ ಗೆಲುವಿನ ಸಾಲಲ್ಲದೆ ಅದರ ಮೇಲಣ ಸಾಲೂ ಕೆಳಗಣ ಸಾಲೂ ಕಾಣುತ್ತವೆ. ಹೀಗಾಗಿ ಮೂರು ಬಾರುಗಳೂ ಕಿಂಡಿಯಲ್ಲಿ ಎಲ್ಲಿಯಾದರೂ ಮುಖ ತೋರುವ ಜೋಡಣೆಗಳು 27. ಗೆಲ್ಲುವುದು ಒಂದು, ಉಳಿದ 26 “ಸ್ವಲ್ಪದಾಗ ತಪ್ಪಿತು ನೋಡ್ರಿ” ಎನಿಸುವಂಥವು. ಫೇ ಮಹಾಶಯನ ವಂಶದವರು ಮಾರಿದ್ದು ಗೆಲುವನ್ನಲ್ಲ, ಈ ಇಪ್ಪತ್ತಾರನ್ನು. ಗೋವೆಯ ಕ್ಯಾಸಿನೋಗಳ ಇಂದಿನ ಯಂತ್ರಗಳಲ್ಲಿ ಲೆಕ್ಕವೆಲ್ಲ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಅಡಗಿದೆ. ಹಿಂಬಾಗಿಲು ತೆರೆದರೂ ತೂತು ಕಾಣದು.

ಈ ಗಣಿತವನ್ನೆಲ್ಲ ನೆರೆಹೊರೆಯವರಿಗೆ ತಟ್ಟೆಯನ್ನೇ ಹಿಡಿದು ತೋರಿಸಿದೆನು. ಅವರೆಲ್ಲರೂ ತಲೆದೂಗಿ ಒಪ್ಪಿ, ಒಪ್ಪಿದ ಮರುಕ್ಷಣದಲ್ಲಿ ಬಿಲ್ಲೆಗಾಗಿ ಕೈಯೊಡ್ಡಿದರು. ಒಬ್ಬರು ಬನಶಂಕರಿಯನ್ನು ನೆನೆದು ಎಳೆದರು. ಇನ್ನೊಬ್ಬರು ಎಡಗೈಯಿಂದ ಎಳೆದರೆ ಒಳಿತೆಂದು ಪ್ರತಿಪಾದಿಸಿದರು. ಗೋವಿನಜೋಳ ಬೆಳೆಯುವ ಹಿರಿಯರೊಬ್ಬರು ಮಾತ್ರ ಆಡದೆ ಕುಳಿತಿದ್ದು, “ಇದರ ಮುಚ್ಚಳಾ ತಗದು ಒಳಗಿಂದು ನೋಡಾಕರ ಬರ್ತೈತಿ, ಮಳೀದು ಎಲ್ಲಿ ತಗೀತೀರಿ?” ಎಂದರು. ನನ್ನ ಗಣಿತದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ವಕೀಲರೊಬ್ಬರು 1963ರ ಪೊಲೀಸ್ ಕಾಯಿದೆಯನ್ನು ನೆನಪಿಸಿ, ಮನೆಯ ಯಜಮಾನನಿಗೆ ಲಾಭವಾಗುವಂತಿದ್ದರೆ ಮಾತ್ರ ಅದು ಜೂಜಿನ ಅಡ್ಡೆ ಎನಿಸಿಕೊಳ್ಳುತ್ತದೆಂದು ಅಭಯವಿತ್ತರು. ಬಂದವರಿಗೆಲ್ಲ ಚಹಾ ಮಾಡುವ ಹೆಂಡತಿ, ಲಾಭದ ಮಾತನ್ನು ಕೇಳಿ, ನಕ್ಕ ರೀತಿಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸಬಹುದು.

ತಾರಕೇಶ್ವರನ ಗುಡಿಯ ಕಮಲದ ಮೇಲ್ಛಾವಣಿಯನ್ನು ನೋಡಲು ಹಾನಗಲ್ಲಿಗೆ ಬರುವ ವಾಚಕರು ನಮ್ಮ ಮನೆಗೂ ಬಂದು ತೋಳನ್ನು ಎಳೆಯಬಹುದು. ಬಿಲ್ಲೆಗಳನ್ನು ನಾವೇ ಕೊಡುತ್ತೇವೆ, ಚಹವೂ ಉಂಟು. ಹೋಗುವಾಗ ಬಿಲ್ಲೆಗಳನ್ನು ಎಣಿಸಿ ಹಿಂದಿರುಗಿಸಬೇಕೆಂದು ಪ್ರಾರ್ಥನೆ, ಏಕೆಂದರೆ ಕಡಿಮೆ ಬಿದ್ದರೆ ಮತ್ತೆ ಹುಬ್ಬಳ್ಳಿಗೆ ಹೋಗಬೇಕು.