ಲಗ್ನಪತ್ರಿಕೆಯ ಸೋರ್ಸ್ ಕೋಡ್ ಕೊಡ್ರೀ

ದತ್ತವಾಡದ ವರ, ದೂಧಗಂಗೆಯ ಆಚೆ ಸದಲಗಾದ ವಧು ಅಂದುಕೊಳ್ಳಿ. ಹೊಳೆ ದಾಟಿದರೆ ಕೊಲ್ಹಾಪುರ ಹೋಗಿ ಬೆಳಗಾವಿ ಜಿಲ್ಲೆ ಬರುತ್ತದೆ, ಸಾತ್‌ಬಾರಾ ಹೋಗಿ ಪಹಣಿ ಬರುತ್ತದೆ. ಬೀಗತನಕ್ಕೆ ಮಾತ್ರ ಇದ್ಯಾವುದರ ಹಂಗೂ ಇಲ್ಲ. ಪತ್ರಿಕೆ ಒಂದು ಮಗ್ಗಲು ಕನ್ನಡ, ಇನ್ನೊಂದು ಮಗ್ಗಲು ಮರಾಠಿ. ಪ್ರೆಸ್ಸಿನವನು ಬಿಟ್ಟಿ ಸಿಕ್ಕಿತೆಂದು ಜಿಪಿಎಲ್ ಲೈಸೆನ್ಸಿನ ಕನ್ನಡ ಫಾಂಟ್ ಇಳಿಸಿಕೊಂಡು, ಪಿಡಿಎಫ್ ಮಾಡಿ ವಾಟ್ಸಾಪಿಗೆ ಬಿಟ್ಟ. ಅವನ ಕೆಲಸ ಮುಗಿಯಿತು, ಲೈಸೆನ್ಸ್ ಪಂಡಿತರದು ಶುರುವಾಯಿತು.

ಜಿಪಿಎಲ್ ಹೇಳುವುದು ಇಷ್ಟೇ: ಬಳಸು, ತಿದ್ದು, ಹಂಚು, ಆದರೆ ನನ್ನನ್ನು ಬೆರೆಸಿ ಹೊಸದೇನಾದರೂ ಮಾಡಿ ಹಂಚಿದರೆ ಅದನ್ನೂ ಇದೇ ಶರತ್ತಿಗೆ ಒಳಪಡಿಸಿ, ಕೇಳಿದವರಿಗೆ ಸೋರ್ಸ್ ಕೊಡು. ಪಿಡಿಎಫ್ ಹೊಟ್ಟೆಯಲ್ಲಿ ಫಾಂಟ್ ಕೂತಿದೆಯಲ್ಲ! ಹಾಗಾದರೆ ಲಗ್ನಪತ್ರಿಕೆಯೂ ಜಿಪಿಎಲ್ಲೇ? ಕರೆಸಿಕೊಂಡ ಪ್ರತಿಯೊಬ್ಬ ನೆಂಟನಿಗೂ ಅದನ್ನು ತಿದ್ದಿ ಮರುಹಂಚುವ ಹಕ್ಕು. ಸಿಟ್ಟಾದ ಸೋದರಮಾವ ತನ್ನ ಹೆಸರನ್ನು ಅಜ್ಜನ ಹೆಸರಿಗಿಂತ ಮೇಲೇರಿಸಿ ಆವೃತ್ತಿ ಎರಡು ಬಿಡುಗಡೆ ಮಾಡಬಹುದು. ಮುಹೂರ್ತ ಬದಲಿಸಿದವನನ್ನೂ ಕೇಳುವ ಹಾಗಿಲ್ಲ. ನಗಬೇಡಿ, ಇಂಥ ಅಂಜಿಕೆಗೇ ಜಿಪಿಎಲ್ ಫಾಂಟುಗಳಿಗೆಂದು ವಿನಾಯಿತಿಯ ಕಲಮೊಂದನ್ನು ಬರೆದಿಟ್ಟಿದ್ದಾರೆ: ಫಾಂಟ್ ಹುದುಗಿಸಿದ ಮಾತ್ರಕ್ಕೆ ಕಾಗದಪತ್ರ ಲೈಸೆನ್ಸಿನ ಬಲೆಗೆ ಬೀಳುವುದಿಲ್ಲ ಎಂದು. ಪ್ರೆಸ್ಸಿನವನು ಇಳಿಸಿಕೊಂಡ ಫಾಂಟಿಗೆ ಆ ಕಲಮು ಅಂಟಿದೆಯೋ ಇಲ್ಲವೋ ಯಾರು ನೋಡಿದರು?

ಇನ್ನು ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಸೊಗಸು ನೋಡಿ. ಅದರ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಎಂದರೆ ಸಾಹಿತ್ಯ ಕೃತಿ. ಸಾಹಿತ್ಯವಾದ ಮೇಲೆ ವ್ಯಾಜ್ಯ ಬಿಟ್ಟೀತೇ? 2012ರ ತಿದ್ದುಪಡಿಯ ತನಕ ಲೈಸೆನ್ಸಿಗೆ ಒಡೆಯನ ಸಹಿ ಬೇಕಿತ್ತು. 1989ರಿಂದ ಲೋಕವೆಲ್ಲ ಓಡಾಡಿದ ಜಿಪಿಎಲ್ ನಮ್ಮಲ್ಲಿ ಅಲ್ಲಿಯವರೆಗೆ ಸಹಿಯಿಲ್ಲದ ಸಾಲಪತ್ರ! ಇದಕ್ಕೂ ಮಿಗಿಲು 19ನೇ ಕಲಮು: ಅವಧಿ ಬರೆಯದಿದ್ದರೆ ಐದು ವರ್ಷ, ಎಲ್ಲಿಯವರೆಗೆ ಎಂದು ಬರೆಯದಿದ್ದರೆ ಭಾರತದೊಳಗೆ. ಹಕ್ಕಿನ ವರ್ಗಾವಣೆಗೆ ಬರೆದ ಈ ನಿಯಮವನ್ನು 30ಎ ಕಲಮು ಲೈಸೆನ್ಸಿಗೂ ಎಳೆದು ತರುತ್ತದೆ. ಜಿಪಿಎಲ್ ಎರಡನೇ ಆವೃತ್ತಿ ಎರಡನ್ನೂ ಬಾಯಿಬಿಟ್ಟು ಹೇಳಿಲ್ಲ. ಅಂದರೆ ಲಗ್ನಕ್ಕೆ ನಡೆದ ಫಾಂಟು ಮಗನ ಜಾವಳದ ಹೊತ್ತಿಗೆ ವಾಯಿದೆ ಮುಗಿಸಿರಬಹುದು. ಅಮೆರಿಕದಲ್ಲಿರುವ ಅಣ್ಣ ಆ ಪಿಡಿಎಫ್ ತೆರೆದರೆ ಸರಹದ್ದು ದಾಟಿದ ಅಪರಾಧ.

ಹೊಳೆ ದಾಟಿದ್ದಕ್ಕೆ ಮಾತ್ರ ಚಿಂತೆಯಿಲ್ಲ. ಕರ್ನಾಟಕ-ಮಹಾರಾಷ್ಟ್ರ ಗಡಿ ತಂಟೆಯ ಮಹಾಜನ ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ; ಎರಡು ಸರಕಾರಗಳಿಗೂ ಕಾಣದ ಸಂಗತಿ 19ನೇ ಕಲಮಿಗೆ ಕಂಡಿದೆ, ದತ್ತವಾಡ ಸದಲಗಾ ಎರಡೂ ಭಾರತದಲ್ಲೇ ಇವೆ.

ಅತ್ತ ಅಮೆರಿಕದಲ್ಲಿ ಆಟಿಕೆ ರೈಲು ಓಡಿಸುವ ತಂತ್ರಾಂಶಕ್ಕಾಗಿ ಜಾಕೋಬ್ಸನ್ ಎಂಬವರು ಕಾಟ್ಜರ್ ಮೇಲೆ ದಾವೆ ಹೂಡಿದ್ದರು. ಪುಕ್ಕಟೆ ಕೊಟ್ಟದ್ದಾದರೂ ಕರ್ತೃವಿನ ಹೆಸರು ಉಳಿಸಬೇಕೆಂಬ ಶರತ್ತು ಮುರಿದರೆ ಅದು ಬರೀ ಕರಾರುಭಂಗವಲ್ಲ, ಕೃತಿಸ್ವಾಮ್ಯದ ಉಲ್ಲಂಘನೆಯೂ ಆಗಬಹುದು ಎಂದು 2008ರಲ್ಲಿ ತೀರ್ಪಾಯಿತು. ಹೆಸರಿನ ಬೆಲೆ ನಮ್ಮ ಬೀಗರಿಗೆ ಯಾವ ಕೋರ್ಟೂ ಕಲಿಸಬೇಕಿಲ್ಲ. ಪತ್ರಿಕೆಯಲ್ಲಿ ಒಂದು ಹೆಸರು ಬಿಟ್ಟರೆ ಅಕ್ಷತೆಗೇ ಬರುವುದಿಲ್ಲ. ಆದರೆ ಅದೇ ಪತ್ರಿಕೆಯನ್ನು ಟೈಪಿಸಿದ್ದು ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ, ಅಕ್ಷರ ತಿದ್ದಿದವರು ಇನ್ಯಾರೋ. ಇವರ ಹೆಸರು ಎಲ್ಲಿದೆ ಎಂದು ಪ್ರೆಸ್ಸಿನವನನ್ನು ಕೇಳಿ ನೋಡಿ. ‘ಅವ್ರು ಯಾರ ಕಡೀಂದ್ರೀ, ಗಂಡಿನ ಕಡೀಂದೋ ಹೆಣ್ಣಿನ ಕಡೀಂದೋ?’